ದಾನವಲ್ಲ, ಮುಯ್ಯಿ: ಮೈದಾನ ಬಿಟ್ಟ ಆಟಗಾರನಿಗೆ ಅಭಿಮಾನಿ ಸಲ್ಲಿಸಬೇಕಾದ ಋಣ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಮದುವೆ ಮನೆಗಳಲ್ಲಿ ಮುಯ್ಯಿ ಎಂಬ ಪದ್ಧತಿ ನಮಗೆಲ್ಲ ಪರಿಚಿತವಾದುದು. ಚಪ್ಪರದ ಒಂದು ಮೂಲೆಯಲ್ಲಿ ಪುಸ್ತಕ ಹಿಡಿದು ಕುಳಿತವರು ಯಾರು ಎಷ್ಟು ಮುಯ್ಯಿ ಮಾಡಿದರೆಂದು ಹೆಸರು, ಊರು ಸಹಿತ ಬರೆದುಕೊಳ್ಳುತ್ತಾರೆ. ಮುಯ್ಯಿ ಪಡೆದ ಮನೆಯವರು ಅದಕ್ಕಾಗಿ ತಲೆ ತಗ್ಗಿಸುವುದಿಲ್ಲ. ಕೊಟ್ಟವರು ಎದೆಯುಬ್ಬಿಸುವುದೂ ಇಲ್ಲ. ಹಿಂದೆ ಬಂದದ್ದು ಇಂದು ಹೋಗುತ್ತದೆ, ಇಂದು ಬಂದದ್ದು ಮುಂದೆ ಹೋಗಬೇಕು. ಕೊಡುಕೊಳ್ಳುವಿಕೆಯಲ್ಲಿ ನಾಚಿಕೆಗೆ ಎಡೆಯೇ ಇಲ್ಲದಂತೆ ನಮ್ಮ ಹಿರಿಯರು ಕಂಡುಕೊಂಡ ಉಪಾಯವಿದು.

ಈ ವಾರ ನಾವು ಓದುಗರ ಮುಂದಿಡಬಯಸುವ ವಿಷಯಕ್ಕೂ ಈ ಪದ್ಧತಿಗೂ ಹತ್ತಿರದ ನಂಟಿದೆ. ಒಂದು ಕಾಲಕ್ಕೆ ಸಾವಿರಾರು ಜನರ ಚಪ್ಪಾಳೆ ಗಳಿಸಿ, ಆಟ ನಿಲ್ಲಿಸಿದ ಮೇಲೆ ಕಷ್ಟಕ್ಕೆ ಸಿಕ್ಕಿದ ವೃತ್ತಿನಿರತ ಫುಟ್‌ಬಾಲ್ ಆಟಗಾರರಿಗೆ ಅಂದಿನ ಅಭಿಮಾನಿಗಳು ನೆರವಾಗುವ ಸಂಪ್ರದಾಯವೊಂದು ಲೋಕದ ಹಲವೆಡೆ ಬೆಳೆದು ಬಂದಿದೆ. ನಮ್ಮ ನಾಲ್ಕು ತಾಲ್ಲೂಕುಗಳು ಕಬಡ್ಡಿ, ಖೋ ಖೋ, ವಾಲಿಬಾಲ್ ಆಟಗಳ ನಾಡು. ಫುಟ್‌ಬಾಲ್ ಇಲ್ಲಿ ಅಷ್ಟಾಗಿ ಬೇರೂರಿಲ್ಲ. ಆದರೂ ಈ ಆಟದ ಚರಿತ್ರೆಯಲ್ಲಿ ನಮಗೆ ಕಲಿಯುವುದು ಬಹಳಷ್ಟಿದೆ. ಆ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ಇಲ್ಲಿಂದ ಬಸ್ಸಿನಲ್ಲಿ ಕೆಲವೇ ಗಂಟೆಗಳ ಹಾದಿಯಾದ ಬೆಂಗಳೂರಿನಲ್ಲಿಯೇ ನಡೆದಿದೆ.

ಬರಿಗಾಲಿನ ದಿನಗಳು

1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ತಂಡವು ಫ್ರಾನ್ಸ್ ವಿರುದ್ಧ ಆಡಿತು. ನಮ್ಮವರಲ್ಲಿ ಹೆಚ್ಚಿನವರು ಅಂದು ಬರಿಗಾಲಿನಲ್ಲಿಯೇ ಆಡಿದರು. ದೊರೆತ ಎರಡು ಪೆನಾಲ್ಟಿ ಒದೆತಗಳು ವ್ಯರ್ಥವಾಗಿ 1-2ರಿಂದ ಸೋಲಾಯಿತು. ಆ ಒಂದು ಗೋಲನ್ನು ಹೊಡೆದವರು ಮೈಸೂರು ಸಂಸ್ಥಾನದಿಂದ ಹೋಗಿದ್ದ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮುಂದೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನ ಕಣ್ಮಣಿಯಾದರು. ಅಹ್ಮದ್ ಖಾನ್, ಸಾಲೆ, ಅಪ್ಪಾರಾವ್, ಧನರಾಜ್, ವೆಂಕಟೇಶ್ ಎಂಬ ದಕ್ಷಿಣ ಭಾರತದ ಐವರು ಮುಂಪಡೆಯ ಆಟಗಾರರನ್ನು ಕಲ್ಕತ್ತೆಯ ಜನ 'ಪಂಚಪಾಂಡವರು' ಎಂದೇ ಕರೆದರು. ಊರೂರಿನಲ್ಲಿ ಕುರುಕ್ಷೇತ್ರ ನಾಟಕವಾಡುವ ನಮ್ಮ ಸೀಮೆಯವರಿಗೆ ಆ ಬಿರುದಿನ ತೂಕ ಎಷ್ಟೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಹ್ಮದ್ ಖಾನ್ 2017ರಲ್ಲಿ ಬೆಂಗಳೂರಿನಲ್ಲಿ ಕಾಲವಾದರು.

1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೆಯ ಸ್ಥಾನ ಪಡೆಯಿತು. ಆ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯ ಇದ್ದರು. 1962ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಚಿನ್ನ ಗೆದ್ದ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಇದ್ದರು. ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ ನಾಲ್ಕು ಬಾರಿ ಗೆದ್ದಿತ್ತು. ಬಳಿಕ 54 ವರ್ಷಗಳ ದೀರ್ಘ ನಿರೀಕ್ಷೆ ಕಳೆದು 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಮಣಿಸಿ ಕರ್ನಾಟಕ ಅದನ್ನು ಮರಳಿ ಪಡೆಯಿತು.

ಇಷ್ಟು ಕೀರ್ತಿ ತಂದವರ ಜೀವನೋಪಾಯ ಏನಾಗಿತ್ತು? ಆ ಕಾಲದ ಬೆಂಗಳೂರಿನ ಆಟಗಾರನಿಗೆ ಆಟ ಅನ್ನ ಕೊಡುತ್ತಿರಲಿಲ್ಲ. ಆಟದ ಬಲದಿಂದ ಸಿಕ್ಕಿದ ನೌಕರಿ ಅನ್ನ ಕೊಡುತ್ತಿತ್ತು. ಸರಕಾರಿ ಕಾರ್ಖಾನೆ, ಮಿಲ್ಲು, ರೈಲ್ವೆ, ಸೇನಾ ಪಡೆಗಳು ತಮ್ಮ ತಮ್ಮ ತಂಡಗಳಿಗಾಗಿ ಆಟಗಾರರನ್ನು ಕೆಲಸಕ್ಕೆ ಸೇರಿಸಿಕೊಳ್ಳುತ್ತಿದ್ದವು. ನೌಕರಿಯಲ್ಲಿ ನೆಲೆ ನಿಂತವರಿಗೆ ಭವಿಷ್ಯನಿಧಿಯಾದರೂ ಉಳಿಯಿತು. ಕಲ್ಕತ್ತೆಯ ಕ್ಲಬ್ಬುಗಳನ್ನೇ ನಂಬಿ ಹೋದವರ ಸ್ಥಿತಿ ಬೇರೆ. ಅಲ್ಲಿ ಪ್ರತಿ ಹಂಗಾಮಿಗೆ ಇಂತಿಷ್ಟೆಂದು ಕೈಗೆ ಹಣ ಬರುತ್ತಿತ್ತು. ಮೊಣಕಾಲು ಸೋತ ದಿನ ಅದೂ ನಿಲ್ಲುತ್ತಿತ್ತು.

ಪುಂಗಂ ಕಣ್ಣನ್ ಅವರ ಬದುಕು ಇದಕ್ಕೆ ನಿದರ್ಶನ. ತಮಿಳುನಾಡಿನಲ್ಲಿ ಹುಟ್ಟಿ, ಬೆಂಗಳೂರಿನ ಮೈದಾನಗಳಲ್ಲಿ ಆಡಿ, 1960ರ ದಶಕದಲ್ಲಿ ಕಲ್ಕತ್ತೆಗೆ ತೆರಳಿದ ಅವರು ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ಎರಡೂ ಕ್ಲಬ್ಬುಗಳ ಪರವಾಗಿ ಆಡಿದರು. ಜರ್ಮನಿಯ ಹೆಸರಾಂತ ತರಬೇತುದಾರ ಡೆಟ್ಮಾರ್ ಕ್ರಾಮರ್ ಅವರನ್ನು ಏಷ್ಯಾದ ಪೆಲೆ ಎಂದು ಕೊಂಡಾಡಿದ್ದರು. ಅಂತಹವರ ಮುಪ್ಪಿನ ದಿನಗಳು ಹಣದ ಮುಗ್ಗಟ್ಟಿನಲ್ಲಿಯೂ ಅನಾರೋಗ್ಯದಲ್ಲಿಯೂ ಕಳೆದವು. 2019ರ ಏಪ್ರಿಲ್‌ನಲ್ಲಿ ಅವರು ಕೋಲ್ಕತ್ತೆಯಲ್ಲಿ ನಿಧನರಾದರು. ಬಿರುದಿಗೆ ಬಾಡಿಗೆ ಕಟ್ಟುವ ಶಕ್ತಿಯಿಲ್ಲ ಎಂಬ ಕಹಿ ಸತ್ಯವನ್ನು ಅವರ ಬಾಳು ನಮಗೆ ನೆನಪಿಸುತ್ತದೆ.

ಕೃತಜ್ಞತೆಯ ಪಂದ್ಯ

ಬೆಂಗಳೂರಿನ ಹಲಸೂರು ಬಳಿಯ ಗೌತಮಪುರವನ್ನು ಜನ 'ಮಿನಿ ಬ್ರೆಜಿಲ್' ಎಂದು ಕರೆಯುತ್ತಾರೆ. ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಪ್ರತಿಮೆಗಳ ಜತೆಗೆ ಪೆಲೆಯ ಪ್ರತಿಮೆಯನ್ನೂ ಅಲ್ಲಿನವರು ನಿಲ್ಲಿಸಿದ್ದಾರೆ. ಆದರೆ ಪೆಲೆಯ ಜತೆಯಲ್ಲಿಯೇ ಆಡಿ, ಅಷ್ಟೇ ಪ್ರೀತಿ ಗಳಿಸಿದ ಮತ್ತೊಬ್ಬ ಆಟಗಾರನ ಕಥೆ ನಮ್ಮಲ್ಲಿ ಅಷ್ಟಾಗಿ ತಿಳಿದಿಲ್ಲ. ಆತನ ಹೆಸರು ಗ್ಯಾರಿಂಚ. ಹುಟ್ಟಿನಿಂದಲೇ ಕಾಲುಗಳು ಸೊಟ್ಟ. ಅದೇ ಸೊಟ್ಟ ಕಾಲುಗಳಿಂದ ಆತ 1958 ಮತ್ತು 1962ರ ವಿಶ್ವಕಪ್‌ಗಳಲ್ಲಿ ಬ್ರೆಜಿಲ್‌ಗೆ ಗೆಲುವು ತಂದನು.

ಆಟ ಮುಗಿದ ಮೇಲೆ ಗ್ಯಾರಿಂಚನ ಬಳಿ ಏನೂ ಉಳಿಯಲಿಲ್ಲ. ಕುಡಿತ ಆತನನ್ನು ಹಿಡಿದಿತ್ತು. ಆಗ ಆತನ ಗೆಳೆಯರೂ ಅಭಿಮಾನಿಗಳೂ ಸೇರಿ 1973ರ ಡಿಸೆಂಬರ್ 19ರಂದು ರಿಯೋ ನಗರದ ಮರಕಾನಾ ಕ್ರೀಡಾಂಗಣದಲ್ಲಿ ಒಂದು ಸಹಾಯಾರ್ಥ ಪಂದ್ಯ ಏರ್ಪಡಿಸಿದರು. ಅದಕ್ಕೆ 'ಕೃತಜ್ಞತೆಯ ಪಂದ್ಯ' ಎಂದು ಹೆಸರಿಟ್ಟರು. ಅಂದು 1,30,000ಕ್ಕೂ ಹೆಚ್ಚು ಜನ ಟಿಕೆಟ್ ಕೊಂಡು ಬಂದು ಕುಳಿತರು. ನಲವತ್ತು ವಯಸ್ಸಿನ ಗ್ಯಾರಿಂಚ ಸ್ವಲ್ಪ ಹೊತ್ತು ಆಡಿ, ಮೈದಾನವನ್ನು ಸುತ್ತಿ ಬೀಳ್ಕೊಂಡನು.

ಈ ಪಂದ್ಯದ ಹೆಸರನ್ನು ಓದುಗರು ಗಮನಿಸಬೇಕು. ಅದನ್ನು ಯಾರೂ ಭಿಕ್ಷೆಯ ಪಂದ್ಯವೆಂದು ಕರೆಯಲಿಲ್ಲ. ಆಟ ನೋಡಲು ಜನ ಟಿಕೆಟಿಗೆ ಹಣ ಕೊಟ್ಟರು. ಆಟಗಾರ ತನ್ನ ಆಟದ ಫಲವೆಂದು ಅದನ್ನು ಸ್ವೀಕರಿಸಿದನು. ಕೈ ಚಾಚಬೇಕಾದ ಅಗತ್ಯ ಬರಲಿಲ್ಲ. ಇದು ನಾವು ಹೇಳಿದ ಮುಯ್ಯಿಯೇ ಅಲ್ಲವೆ?

ಆದರೆ ಕಥೆಯ ಉತ್ತರಾರ್ಧವನ್ನು ಮುಚ್ಚಿಡುವುದು ಸರಿಯಲ್ಲ. ಒಂದೇ ರಾತ್ರಿಯಲ್ಲಿ ಕೂಡಿದ ಆ ಹಣ ಗ್ಯಾರಿಂಚನನ್ನು ಕಾಪಾಡಲಿಲ್ಲ. 1983ರ ಜನವರಿ 20ರಂದು, ಕುಡಿತದಿಂದ ಹಾಳಾದ ದೇಹದೊಡನೆ, 49ರ ವಯಸ್ಸಿನಲ್ಲಿ ಆತ ಬಡವನಾಗಿಯೇ ಸತ್ತನು. ಜನ ಹಣ ಕೊಟ್ಟಿದ್ದರು. ಮರುದಿನದಿಂದ ಜತೆಯಲ್ಲಿ ನಡೆಯುವವರು ಬೇಕಾಗಿತ್ತು.

ಗ್ಲಾಸ್ಗೋ ನಗರದ ಪಾಠ

ಫುಟ್‌ಬಾಲಿಗೂ ಪರೋಪಕಾರಕ್ಕೂ ಇರುವ ಸಂಬಂಧ ಹಳೆಯದು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ 1887ರ ನವೆಂಬರ್‌ನಲ್ಲಿ ಮಾರಿಸ್ಟ್ ಸಭೆಯ ಬ್ರದರ್ ವಾಲ್ಫ್ರಿಡ್ ಎಂಬವರು ಸಂತ ಮೇರಿಯಮ್ಮನವರ ದೇವಾಲಯದ ಸಭಾಂಗಣದಲ್ಲಿ ಒಂದು ಕ್ಲಬ್ಬನ್ನು ಹುಟ್ಟುಹಾಕಿದರು. ಹಸಿದ ಬಡಮಕ್ಕಳಿಗೆ ಊಟ ಹಾಕಲು ಪಂದ್ಯಗಳಿಂದ ಹಣ ಕೂಡಿಸುವುದೇ ಅದರ ಗುರಿಯಾಗಿತ್ತು. ಅದೇ ಇಂದಿನ ಲೋಕಪ್ರಸಿದ್ಧ ಸೆಲ್ಟಿಕ್ ಕ್ಲಬ್ಬು. ಅದೇ ನಗರದ ರೇಂಜರ್ಸ್ ಕ್ಲಬ್ಬಿನ ಬೆಂಬಲಿಗರು ಬಹುಕಾಲದಿಂದ ಪ್ರೊಟೆಸ್ಟೆಂಟ್ ಸಂಪ್ರದಾಯದವರು. ಎರಡು ಪಾಳಯಗಳ ನಡುವಿನ ವೈರ, ವಿಷಾದದ ಸಂಗತಿಯೆಂದರೆ, ಮೈದಾನದ ಹೊರಗೂ ಹರಿದಿದೆ.

ರೇಂಜರ್ಸ್ ಪರ ಆಡಿದ್ದ ಹಾಲೆಂಡಿನ ಫೆರ್ನಾಂಡೊ ರಿಕ್ಸೆನ್‌ಗೆ 2013ರಲ್ಲಿ ನರಮಂಡಲದ ಗುಣವಾಗದ ಕಾಯಿಲೆಯೊಂದು ತಗುಲಿರುವುದು ತಿಳಿಯಿತು. ಕೈಕಾಲು, ಮಾತು, ಕೊನೆಗೆ ಉಸಿರಾಟವನ್ನೂ ಒಂದೊಂದಾಗಿ ಕಸಿಯುವ ಕಾಯಿಲೆಯದು. 2015ರ ಜನವರಿ 25ರಂದು ಗ್ಲಾಸ್ಗೋದ ಐಬ್ರಾಕ್ಸ್ ಮೈದಾನದಲ್ಲಿ ಆತನಿಗಾಗಿ ನಡೆದ ಸಹಾಯಾರ್ಥ ಪಂದ್ಯಕ್ಕೆ 41,000ಕ್ಕೂ ಹೆಚ್ಚು ಜನ ಬಂದರು. ಕೂಡಿದ ಹಣದಲ್ಲಿ ಒಂದು ಪಾಲು ಆತನಿಗೂ ಆತನ ಮಗಳಿಗೂ ಸಂದರೆ, ಮತ್ತೊಂದು ಪಾಲು ಅದೇ ಕಾಯಿಲೆಯಿಂದ ನರಳುವ ಇತರರ ಸೇವೆಗೆ ಹೋಯಿತು.

ರಿಕ್ಸೆನ್ ತನ್ನ ಕಡೆಯ ದಿನಗಳನ್ನು ಕಳೆದದ್ದು ಏರ್‌ಡ್ರೀ ಪಟ್ಟಣದ ಸಂತ ಅಂದ್ರೆಯರ ಹೆಸರಿನ ಅಂತಿಮಶುಶ್ರೂಷಾ ಕೇಂದ್ರದಲ್ಲಿ. ಅದು ಕಥೋಲಿಕ ಧರ್ಮಭಗಿನಿಯರು ಸ್ಥಾಪಿಸಿದ ಮನೆ. ಯಾವ ನಗರದಲ್ಲಿ ಅಂಗಿಯ ಬಣ್ಣ ನೋಡಿ ಮತವನ್ನು ಊಹಿಸುತ್ತಾರೋ ಆ ನಗರದ ಬಳಿಯಲ್ಲಿಯೇ ರೇಂಜರ್ಸ್ ಆಟಗಾರನೊಬ್ಬನ ತಲೆದಿಂಬು ಸರಿಪಡಿಸಿದ್ದು ಆ ಮನೆ. 2019ರ ಸೆಪ್ಟೆಂಬರ್ 18ರಂದು, 43ರ ವಯಸ್ಸಿನಲ್ಲಿ ಆತ ತೀರಿಕೊಂಡನು. ಪಂದ್ಯ ಮುಗಿದು ನಾಲ್ಕು ವರ್ಷಗಳಾಗಿದ್ದರೂ ಆತನನ್ನು ಜನ ಮರೆತಿರಲಿಲ್ಲ. ಗ್ಯಾರಿಂಚನಿಗೆ ದೊರೆಯದೆ ಹೋದದ್ದು ಈತನಿಗೆ ದೊರೆಯಿತು.

ಒಂಬತ್ತನೆಯ ನಿಮಿಷದ ಚಪ್ಪಾಳೆ

ಹಣವೊಂದೇ ನೆರವಲ್ಲ ಎಂಬುದಕ್ಕೆ ಇಂಗ್ಲೆಂಡಿನ ಒಂದು ಪ್ರಸಂಗ ಸಾಕ್ಷಿಯಾಗಿದೆ. ವೆಸ್ಟ್ ಬ್ರಾಮಿಚ್ ಆಲ್ಬಿಯನ್ ಕ್ಲಬ್ಬಿನ ಜೆಫ್ ಆಸ್ಟಲ್ ತಲೆಯಿಂದ ಚೆಂಡು ಹೊಡೆಯುವುದರಲ್ಲಿ ನಿಸ್ಸೀಮ. 1968ರ ಎಫ್.ಎ. ಕಪ್ ಅಂತಿಮ ಪಂದ್ಯದ ಗೆಲುವಿನ ಗೋಲು ಆತನದೇ. ಮಿದುಳಿನ ಸವೆತದಿಂದ 2002ರಲ್ಲಿ, 59ರ ವಯಸ್ಸಿನಲ್ಲಿ ಆತ ಸತ್ತಾಗ, ಪದೇ ಪದೇ ಚೆಂಡನ್ನು ತಲೆಯಿಂದ ಹೊಡೆದುದರ ಫಲವಾದ ಔದ್ಯೋಗಿಕ ಕಾಯಿಲೆಯೇ ಇದಕ್ಕೆ ಕಾರಣವೆಂದು ಮರಣ ವಿಚಾರಣಾಧಿಕಾರಿ ತೀರ್ಪಿತ್ತರು. ಆದರೂ ಆಟದ ಆಡಳಿತಗಾರರು ಬಹುಕಾಲ ಮೌನವಾಗಿದ್ದರು. ಮನೆಯವರ ಹೋರಾಟಕ್ಕೆ ಜತೆಯಾದವರು ಅಭಿಮಾನಿಗಳು. 2014ರಲ್ಲಿ ಪಂದ್ಯದ ಒಂಬತ್ತನೆಯ ನಿಮಿಷದಲ್ಲಿ ಅವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದರು; ಆಸ್ಟಲ್ ತೊಡುತ್ತಿದ್ದ ಅಂಗಿಯ ಸಂಖ್ಯೆ ಒಂಬತ್ತು. ಮುಂದಿನ ವರ್ಷ ಆತನ ಹೆಸರಿನಲ್ಲಿ ಪ್ರತಿಷ್ಠಾನವೊಂದು ಸ್ಥಾಪನೆಯಾಗಿ, ಕಾಯಿಲೆ ಬಿದ್ದ ಹಳೆಯ ಆಟಗಾರರ ಕುಟುಂಬಗಳಿಗೆ ಆಸರೆಯಾಯಿತು. 2019ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಸಂಶೋಧಕರು, ಸ್ಕಾಟ್ಲೆಂಡಿನ ಮಾಜಿ ವೃತ್ತಿನಿರತ ಫುಟ್‌ಬಾಲ್ ಆಟಗಾರರು ಮಿದುಳು ಸವೆಯುವ ಕಾಯಿಲೆಗಳಿಂದ ಸಾಯುವ ಸಂಭವ ಸಾಮಾನ್ಯ ಜನರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚೆಂದು ಕಂಡುಕೊಂಡರು.

ಆ ತಲೆಮಾರಿನ ಆಟಗಾರರು ಗಳಿಸಿದ್ದಾದರೂ ಎಷ್ಟು? ಇಂಗ್ಲೆಂಡಿನಲ್ಲಿ 1961ರವರೆಗೆ ಆಟಗಾರನ ಸಂಬಳಕ್ಕೆ ಮಿತಿಯಿತ್ತು. ಕಡೆಗೆ ಅದು ವಾರಕ್ಕೆ 20 ಪೌಂಡುಗಳಷ್ಟಿತ್ತು. ಇಂದಿನ ಆಟಗಾರರ ಕೋಟಿಗಳನ್ನು ಕಂಡು ಅಂದಿನವರನ್ನೂ ಸಿರಿವಂತರೆಂದು ತಿಳಿಯುವುದು ತಪ್ಪು. ನಾವು ಸಂತೋಷಪಟ್ಟ ಹೊತ್ತಿನಲ್ಲಿ ಅವರ ದೇಹ ಸವೆಯುತ್ತಿತ್ತು ಎಂಬ ಅರಿವು ಅಭಿಮಾನಿಗೆ ಇರಬೇಕು. ಅದೇ ಮುಯ್ಯಿ ಪುಸ್ತಕದ ಮೊದಲ ಬರಹ.

ಸರಕಾರದ ನೆರವು ಮತ್ತು ಅದರ ಮಿತಿ

ಸರಕಾರವೇ ನೋಡಿಕೊಳ್ಳಬಾರದೆ ಎಂದು ಕೇಳುವವರುಂಟು. ಸರಕಾರ ಕೈಕಟ್ಟಿ ಕುಳಿತಿಲ್ಲ. ಕಷ್ಟದಲ್ಲಿರುವ ಹೆಸರಾಂತ ಕ್ರೀಡಾಪಟುಗಳಿಗಾಗಿ ಕೇಂದ್ರ ಸರಕಾರ 1982ರಲ್ಲಿಯೇ ರಾಷ್ಟ್ರೀಯ ಕಲ್ಯಾಣ ನಿಧಿಯನ್ನು ಸ್ಥಾಪಿಸಿತು. 1994ರಲ್ಲಿ ಪದಕ ವಿಜೇತರಿಗೆ ಪಿಂಚಣಿ ಯೋಜನೆ ಬಂದಿತು. ಕರ್ನಾಟಕ ಸರಕಾರವೂ ಮಾಜಿ ಕ್ರೀಡಾಪಟುಗಳಿಗೂ ಮಾಜಿ ಕುಸ್ತಿಪಟುಗಳಿಗೂ ಮಾಸಾಶನ ನೀಡುತ್ತಿದೆ. ಇವೆಲ್ಲ ಶ್ಲಾಘನೀಯ ಕ್ರಮಗಳೆಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಪಿಂಚಣಿಯ ಅಳತೆಗೋಲು ಪದಕ. ಮೆಲ್ಬರ್ನ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದ ಸಾಧನೆಗೆ ಪದಕವಿಲ್ಲ. ಕ್ಲಬ್ಬಿಗಾಗಿಯೇ ಹತ್ತು ವರ್ಷ ಬೆವರು ಸುರಿಸಿದವನ ಹೆಸರು ಯಾವ ಪಟ್ಟಿಯಲ್ಲಿಯೂ ಬಾರದು. ಅರ್ಜಿ, ಪ್ರಮಾಣಪತ್ರ, ಆಯ್ಕೆ ಸಮಿತಿ ಎಂದು ಅಲೆಯುವ ಚೈತನ್ಯ ಹಾಸಿಗೆ ಹಿಡಿದವನಿಗೆ ಎಲ್ಲಿಂದ ಬರಬೇಕು? ಕಡತದ ಕಣ್ಣಿಗೆ ಬೀಳದವನನ್ನು ಗುರುತಿಸಬಲ್ಲವನು ಅವನ ಆಟ ಕಂಡವನೊಬ್ಬನೇ. ಅಭಿಮಾನಿಯ ಹೊಣೆ ಅಲ್ಲಿಂದ ಆರಂಭವಾಗುತ್ತದೆ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಒಂದು ಶೈಕ್ಷಣಿಕ ಜಿಲ್ಲೆಯಾಗಿವೆ. ನಮ್ಮ ಮಕ್ಕಳು ಶಾಲಾ ಕ್ರೀಡಾಕೂಟಗಳಲ್ಲಿ ಒಟ್ಟಿಗೆ ಓಡಿ ಒಟ್ಟಿಗೆ ಬೀಳುತ್ತಾರೆ. ಊರ ಹಬ್ಬಗಳಲ್ಲಿ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್ ಪಂದ್ಯಾವಳಿಗಳು ನಡೆದಾಗ ನಾವೂ ಗಂಟಲು ಹರಿಯುವಂತೆ ಕೂಗಿದ್ದೇವೆ. ಅಂದು ಮಣ್ಣಿನಲ್ಲಿ ಹೊರಳಿ ನಮ್ಮ ಊರಿಗೆ ಕಪ್ಪು ತಂದವರು ಇಂದು ಎಲ್ಲಿದ್ದಾರೆ? ಮೊಣಕಾಲು ಮುರಿದುಕೊಂಡ ಹುಡುಗ, ಅಂಕಣಕ್ಕೆ ಸುಣ್ಣ ಬಳಿದು ಶಿಳ್ಳೆ ಊದಿದ ದೈಹಿಕ ಶಿಕ್ಷಕರು, ಜಾತ್ರೆಯ ಕುಸ್ತಿಯಲ್ಲಿ ಗೆದ್ದ ಪೈಲ್ವಾನರು ಇವರಲ್ಲಿ ಎಷ್ಟು ಜನರ ಮನೆ ಬಾಗಿಲಿಗೆ ನಾವು ಹೋಗಿದ್ದೇವೆ?

ದಾರಿ ನಮಗೆ ಹೊಸತೇನಲ್ಲ. ಗುಬ್ಬಿ ಕಂಪನಿಯಂತಹ ಮಹಾನ್ ನಾಟಕ ಮಂಡಲಿ 1884ರಲ್ಲಿ ಹುಟ್ಟಿದ್ದು ನಮ್ಮ ಜಿಲ್ಲೆಯಲ್ಲಿಯೇ. ಕಲಾವಿದನೊಬ್ಬ ಕಷ್ಟಕ್ಕೆ ಸಿಕ್ಕಿದಾಗ 'ಸಹಾಯಾರ್ಥ ನಾಟಕ' ಆಡಿ ಬಂದ ಹಣವನ್ನು ಅವನ ಕೈಗಿಡುವ ರೂಢಿ ವೃತ್ತಿರಂಗಭೂಮಿಯಲ್ಲಿ ಬೆಳೆದು ಬಂದಿದೆ. ಮರಕಾನಾದಲ್ಲಿ ನಡೆದುದು ಅದೇ. ಐಬ್ರಾಕ್ಸ್‌ನಲ್ಲಿ ನಡೆದುದೂ ಅದೇ. ನಾಟಕಕ್ಕೆ ಗೊತ್ತಿರುವ ರೀತಿಯನ್ನು ನಾವು ಆಟಕ್ಕೂ ಅನ್ವಯಿಸಬೇಕಷ್ಟೆ.

ಈ ದಿಸೆಯಲ್ಲಿ ಕೆಲವು ಮಾತುಗಳನ್ನು ನಾವು ವಿನಯದಿಂದ ಸೂಚಿಸಬಯಸುತ್ತೇವೆ. ಪಂದ್ಯಾವಳಿಗೆ ತಂಡಗಳು ಕಟ್ಟುವ ಪ್ರವೇಶ ಶುಲ್ಕದಲ್ಲಿ ಒಂದು ಪಾಲನ್ನು ಆರಂಭದಲ್ಲಿಯೇ ಹಿರಿಯ ಆಟಗಾರರಿಗೆಂದು ತೆಗೆದಿಡಬಹುದು. ಆ ಹಣವನ್ನು ಮೂವರ ಜಂಟಿ ಹೆಸರಿನಲ್ಲಿ ಬ್ಯಾಂಕಿನಲ್ಲಿಟ್ಟು, ಲೆಕ್ಕವನ್ನು ವರ್ಷಕ್ಕೊಮ್ಮೆ ಊರ ಮುಂದೆ ಓದಬೇಕು. ಒಮ್ಮೆಗೇ ದೊಡ್ಡ ಮೊತ್ತ ಕೊಡುವುದಕ್ಕಿಂತ ತಿಂಗಳು ತಿಂಗಳು ಔಷಧದ ಖರ್ಚನ್ನು ಅಂಗಡಿಗೇ ಕಟ್ಟುವುದು ಮೇಲು. ಸರಕಾರದ ಮಾಸಾಶನಕ್ಕೆ ಅರ್ಹರಾದವರ ಅರ್ಜಿಯನ್ನು ಓದುಬರಹ ಬಲ್ಲ ತರುಣರು ತಾವೇ ಬರೆದು, ಹಳೆಯ ಪ್ರಮಾಣಪತ್ರಗಳನ್ನು ಹುಡುಕಿ ಲಗತ್ತಿಸಿ, ಕಚೇರಿಗೆ ಮುಟ್ಟಿಸಬಹುದು. ಇದಕ್ಕೆ ಕಾಸೂ ಬೇಕಾಗಿಲ್ಲ.

ಸನ್ಮಾನದ ವಿಷಯವಾಗಿಯೂ ಒಂದು ಮಾತು. ಹಿರಿಯ ಆಟಗಾರರನ್ನು ವೇದಿಕೆಗೆ ಕರೆದು ಶಾಲು, ಹಾರ, ಫಲತಾಂಬೂಲ ಕೊಡುವುದು ಒಳ್ಳೆಯ ಪದ್ಧತಿ. ಆದರೆ ಔಷಧದ ಅಂಗಡಿಯವರು ಶಾಲನ್ನು ತೆಗೆದುಕೊಂಡು ಮಾತ್ರೆ ಕೊಡುವುದಿಲ್ಲ. ಅಕ್ಕಿ ಮೂಟೆಯ ಪಕ್ಕದಲ್ಲಿ ಅವರನ್ನು ನಿಲ್ಲಿಸಿ ಛಾಯಾಚಿತ್ರ ತೆಗೆಸಿ ಪ್ರಕಟಿಸುವುದಂತೂ ಕೊಟ್ಟದ್ದನ್ನು ಕಿತ್ತುಕೊಂಡಂತೆ. ಒಂದು ಕಾಲಕ್ಕೆ ಆ ಮನುಷ್ಯ ಕಪ್ಪು ಎತ್ತಿ ಹಿಡಿದ ಚಿತ್ರವನ್ನು ಜನ ಕಂಡಿದ್ದರು. ಅವರ ನೆನಪಿನಲ್ಲಿ ಆ ಚಿತ್ರವೇ ಉಳಿಯಲಿ. ನೆರವು ಸದ್ದಿಲ್ಲದೆ ಮನೆ ಸೇರಲಿ.

ಎರಡು ಆಕ್ಷೇಪಗಳು

ಬರಗಾಲದ ಬೇಗೆಯನ್ನು ಮತ್ತೆ ಮತ್ತೆ ಕಂಡ ಪಾವಗಡದಂತಹ ಸೀಮೆಯಲ್ಲಿ ಬಡವರಿಗೆ ಕೊರತೆಯೆ? ಆಟಗಾರನಿಗೇಕೆ ವಿಶೇಷ ಗಮನ? ಈ ಪ್ರಶ್ನೆ ನ್ಯಾಯವಾದುದು. ಹಸಿದವನಿಗೆ ಅನ್ನ ಮೊದಲು. ಅದರಲ್ಲಿ ಆಟಗಾರ, ಕೂಲಿಗಾರ ಎಂಬ ಭೇದ ಸಲ್ಲದು. ಆದರೆ ದಾನ ಬೇರೆ, ಸಾಲ ತೀರಿಸುವುದು ಬೇರೆ. ದಾನ ಮಾಡುತ್ತೇನೆಂಬ ಕಾರಣಕ್ಕೆ ಸಾಲಗಾರನ ಬಾಕಿ ವಜಾ ಆಗುವುದಿಲ್ಲ. ಅಲ್ಲದೆ, ಆಟದ ಮೈದಾನದಿಂದ ಹುಟ್ಟುವ ಹಣವು ಬಡವರ ತಟ್ಟೆಯಿಂದ ಕಿತ್ತದ್ದಲ್ಲ. ಆಟ ನಡೆಯದಿದ್ದರೆ ಅದು ಹುಟ್ಟುತ್ತಲೇ ಇರಲಿಲ್ಲ.

ಗಳಿಸಿದ್ದನ್ನು ಕುಡಿದು ಕಳೆದವನಿಗೆ ಏಕೆ ಕೊಡಬೇಕೆಂಬುದು ಎರಡನೆಯ ಆಕ್ಷೇಪ. ಗ್ಯಾರಿಂಚನ ಕಥೆ ಇದನ್ನು ನಮ್ಮ ಮುಂದೆ ನೇರವಾಗಿಯೇ ನಿಲ್ಲಿಸುತ್ತದೆ. ನಾವು ಕಂಡುಕೊಂಡ ಉತ್ತರ ಇಷ್ಟು: ಮುಯ್ಯಿ ಮಾಡುವವರು ಮದುವೆ ಮನೆಯ ಯಜಮಾನನ ಗುಣನಡತೆ ವಿಚಾರಿಸುವುದಿಲ್ಲ, ತಮ್ಮ ಮನೆಗೆ ಆತ ಬಂದಿದ್ದನೆ ಎಂಬುದನ್ನು ಮಾತ್ರ ನೋಡುತ್ತಾರೆ. ಹಣ ಕೈಗೆ ಕೊಟ್ಟರೆ ಹಾಳಾಗುವುದೆಂಬ ಭಯವಿದ್ದರೆ ಅಕ್ಕಿ ಕೊಡಬಹುದು, ಆಸ್ಪತ್ರೆಗೆ ಕರೆದೊಯ್ಯಬಹುದು, ಮಕ್ಕಳ ಶಾಲಾ ಶುಲ್ಕ ಕಟ್ಟಬಹುದು. ರೀತಿ ಬದಲಾಗಬಹುದು, ಬಾಕಿ ಬದಲಾಗದು.

ಪ್ರಿಯ ಓದುಗರೇ, ಮುಂದಿನ ಹಬ್ಬದ ಪಂದ್ಯಾವಳಿಯ ರಾತ್ರಿ ಅಂಕಣದ ಸುತ್ತ ನಿಂತಾಗ ಒಮ್ಮೆ ಹಿಂದೆ ತಿರುಗಿ ನೋಡೋಣ. ದೀಪದ ಬೆಳಕು ಮುಗಿಯುವಲ್ಲಿ, ಕಂಬಕ್ಕೆ ಒರಗಿ ಕುಳಿತು, ಪ್ರತಿಯೊಂದು ಪಟ್ಟನ್ನೂ ಬಲ್ಲ ಕಣ್ಣುಗಳಿಂದ ಆಟ ನೋಡುತ್ತಿರುವ ಹಿರಿಯರೊಬ್ಬರು ಅಲ್ಲಿರಬಹುದು. ಒಂದು ಕಾಲಕ್ಕೆ ನಾವು ಕೂಗಿದ್ದು ಅವರ ಹೆಸರನ್ನೇ. ಆ ಕೂಗಿಗೆ ಅವರು ತಮ್ಮ ಪ್ರಾಯವನ್ನು ಮುಯ್ಯಿಯಾಗಿ ಇತ್ತಿದ್ದಾರೆ. ಪುಸ್ತಕದಲ್ಲಿ ಅವರ ಲೆಕ್ಕ ಬರೆದಾಗಿದೆ; ನಮ್ಮ ಸಾಲು ಇನ್ನೂ ಖಾಲಿ ಉಳಿದಿದೆ.